ಗೆದ್ದದ್ದು ಎಷ್ಟು ಸಲ ಗೆಲ್ಲಬೇಕು?



ಕೆಲವು ವರ್ಷಗಳ ಹಿಂದೆ ಒಂದು ಸೋಮವಾರ ಮುಂಜಾನೆ, ನಾನು ಕೋರ್ಟಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ, ವಯಸ್ಸಾದ ನೇಕಾರರೊಬ್ಬರು ರಬಕವಿಯ ನಮ್ಮ ಮನೆಯ ಕಟ್ಟೆ ಏರಿ ಬಂದರು. ಧೋತರ, ಟೊಪ್ಪಿಗೆ, ಕಂಕುಳಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಒಂದು ಗಂಟು. ಗಂಟು ಬಿಚ್ಚಿದರು. ಒಳಗೆ ಒಂದು ಡಿಕ್ರಿಯ ನಕಲು. ಮಡಿಕೆಗಳಲ್ಲಿ ಹರಿದು ಹಿಂದಿನಿಂದ ಅಂಟು ಹಚ್ಚಿದ್ದರು. ಮೂಲೆಯಲ್ಲಿ ಅರಿಸಿನ-ಕುಂಕುಮದ ಕಲೆ. ಇಪ್ಪತ್ತೆರಡು ವರ್ಷ ಅದು ಅವರ ಮನೆಯ ದೇವರ ಜಗಲಿಯ ಮೇಲೆ ಇತ್ತಂತೆ. ಅದರ ಮೇಲೆ ಹೊಚ್ಚ ಹೊಸ ಸಮನ್ಸು.

“ವಕೀಲ ಸಾಹೇಬ್ರ, ನಾ ಗೆದ್ದೇನ್ರಿ. ಅಪೀಲದಾಗೂ ಗೆದ್ದೇನಿ. ಗೆದ್ದದ್ದು ಎಷ್ಟ ಸಲ ಗೆಲ್ಲಬೇಕ್ರಿ?”

ಆ ಪ್ರಶ್ನೆಗೆ ಕಾನೂನು ಕೊಡುವ ಉತ್ತರ ಒಂದೇ: ಒಂದು ಸಲ. ಆದರೆ ಆ ಒಂದು ಸಲ ಎನ್ನುವುದು ತಾನಾಗಿ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಿಕೊಳ್ಳಲು ಗೆದ್ದವರೂ ಒಂದು ಕೆಲಸ ಮಾಡಬೇಕು, ಸೋಲಬಹುದಾದವರೂ ಒಂದು ಕೆಲಸ ಮಾಡಬೇಕು. ಅದನ್ನು ನಿಮ್ಮ ಮುಂದೆ ಇಡಲು ಇವತ್ತು ಬಂದಿದ್ದೇನೆ.

ಆ ಹಿರಿಯರ ವ್ಯಾಜ್ಯ ಸಣ್ಣದು. ಮನೆಯ ಹಿಂದೆ ಹಾಸು ಹಾಕುವ ಹಿತ್ತಲು, ಅಗಲ ಹನ್ನೊಂದು ಫೂಟು. ಅಣ್ಣ-ತಮ್ಮಂದಿರ ವಾಟ್ನಿಯಲ್ಲಿ ಅದು ಇವರ ಪಾಲಿಗೆ ಬಂದಿತ್ತು. ವಾಟ್ನಿಯಲ್ಲಿ ಅದು ಸೇರಲೇ ಇಲ್ಲ, ಇಬ್ಬರದೂ ಹೌದು ಎಂದು ಅಣ್ಣ ದಾವೆ ಹಾಕಿದ. ಸಾಕ್ಷಿ ಆಯಿತು, ವಾದ ಆಯಿತು, ದಾವೆ ವಜಾ ಆಯಿತು. ಅಣ್ಣ ಅಪೀಲು ಹೋದ, ಅದೂ ವಜಾ. ಮುಂದೆ ಅಣ್ಣ ತೀರಿಕೊಂಡ. ಈಗ ಅಣ್ಣನ ಮಗ ಅದೇ ಹಿತ್ತಲಿನಲ್ಲಿ ತನಗೆ ಪಾಲು ಬೇಕೆಂದು ಹೊಸ ದಾವೆ ತಂದಿದ್ದ. ಹೊಸ ವಕೀಲರು, ಹೊಸ ಕಾಗದ, ಅದೇ ಹನ್ನೊಂದು ಫೂಟು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಮು ಇಂಥದ್ದನ್ನು ತಡೆಯಲೆಂದೇ ಇದೆ. ವಕೀಲರು ಇದನ್ನು ರೆಸ್ ಜುಡಿಕೇಟಾ ಎನ್ನುತ್ತಾರೆ, ಕನ್ನಡದಲ್ಲಿ ಪೂರ್ವನ್ಯಾಯ ಎನ್ನಬಹುದು. ಆ ಕಲಮು ಮಾತಾಡುವುದು ಕಕ್ಷಿದಾರರ ಜೊತೆಗಲ್ಲ, ನೇರವಾಗಿ ಕೋರ್ಟಿನ ಜೊತೆಗೆ. ಅದೇ ವಿಷಯ, ಅದೇ ಪಕ್ಷಗಾರರ ನಡುವೆ, ಅದೇ ಹಕ್ಕಿನ ಮೇಲೆ, ಅಧಿಕಾರವುಳ್ಳ ಕೋರ್ಟಿನ ಮುಂದೆ ವಿಚಾರಣೆಯಾಗಿ ಕಡೆಯ ತೀರ್ಮಾನ ಆಗಿದ್ದರೆ, ಯಾವ ಕೋರ್ಟೂ ಅದನ್ನು ಮತ್ತೆ ವಿಚಾರಿಸತಕ್ಕದ್ದಲ್ಲ ಎಂದು ನ್ಯಾಯಾಧೀಶರ ಕೈಯನ್ನೇ ಹಿಡಿಯುತ್ತದೆ. ಪಕ್ಷಗಾರರು ಎಂದರೆ ಅವರಷ್ಟೇ ಅಲ್ಲ, ಅವರ ಹಕ್ಕಿನಿಂದ ಹಕ್ಕು ಪಡೆದು ಬರುವವರೂ ಹೌದು. ಅಪ್ಪನ ಪಾಲನ್ನೇ ಕೇಳಿಕೊಂಡು ಬಂದ ಮಗ ಅಪ್ಪನ ಸೋಲನ್ನೂ ಹೊತ್ತುಕೊಂಡೇ ಬರುತ್ತಾನೆ.

ಇದು ಇಂಗ್ಲಿಷರು ತಂದ ಕಾನೂನು, ನಮ್ಮದಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ನಾನೂ ಕಾಲೇಜಿನಲ್ಲಿ ಹಾಗೆಯೇ ಓದಿದೆ. ಆದರೆ ಇದೇ ಮಾತು ನಮ್ಮ ಕನ್ನಡ ನೆಲದಲ್ಲಿಯೂ ಬಹಳ ಹಿಂದೆಯೇ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ಈಗ ಬೀದರ ಜಿಲ್ಲೆಯಲ್ಲಿರುವ ಬಸವಕಲ್ಯಾಣವೇ ಅವನ ರಾಜಧಾನಿ. ಅವನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ನಮ್ಮ ಹಿಂದೂ ಕುಟುಂಬಗಳ ವಾಟ್ನಿಯ ಲೆಕ್ಕ ಬಹುಕಾಲ ನಡೆದದ್ದು ಅದರ ಮೇಲೆಯೇ.

ಫಿರ್ಯಾದಿಗೆ ಎದುರುಗಾರ ಕೊಡಬಹುದಾದ ಉತ್ತರ ನಾಲ್ಕು ಬಗೆ ಎಂದು ಆ ಗ್ರಂಥ ಎಣಿಸುತ್ತದೆ. ಒಬ್ಬ ಬಂದು ಇವನು ನನಗೆ ನೂರು ಕೊಡಬೇಕು ಎನ್ನುತ್ತಾನೆ ಅಂದುಕೊಳ್ಳಿ. ಹೌದು ಕೊಡಬೇಕು ಎನ್ನುವುದು ಒಂದು ಉತ್ತರ. ಇಲ್ಲ, ಇದು ಸುಳ್ಳು ಎನ್ನುವುದು ಇನ್ನೊಂದು. ತೆಗೆದುಕೊಂಡದ್ದು ಹೌದು, ಆದರೆ ತಿರುಗಿ ಕೊಟ್ಟಿದ್ದೇನೆ ಎನ್ನುವುದು ಮೂರನೆಯದು. ನಾಲ್ಕನೆಯದು ಪ್ರಾಙ್ನ್ಯಾಯ: ಇದೇ ಮನುಷ್ಯ ಇದೇ ವಿಷಯಕ್ಕೆ ನನ್ನ ಮೇಲೆ ಹಿಂದೆ ಬಂದಿದ್ದ, ಸೋತು ಹೋಗಿದ್ದಾನೆ. ಸಾಲ ಕೊಟ್ಟನೋ ಇಲ್ಲವೋ ಎಂಬ ಚರ್ಚೆಗೆ ಇಲ್ಲಿ ಎಡೆಯಿಲ್ಲ. ಸೋತವನು ಮತ್ತೆ ಬಂದರೆ ನೀನು ಆಗಲೇ ಸೋತಿದ್ದೀ ಎಂದರೆ ಸಾಕು ಎಂಬ ಅರ್ಥದ, ಸ್ಮೃತಿಕಾರ ಕಾತ್ಯಾಯನನ ವಚನವನ್ನು ವಿಜ್ಞಾನೇಶ್ವರ ಇದಕ್ಕೆ ಆಧಾರವಾಗಿ ಕೊಡುತ್ತಾನೆ.

ಈ ಉತ್ತರ ಕೊಡುವವನು ಬಾಯಿಮಾತಿನಲ್ಲಿ ಹೇಳಿ ಕೂರುವಂತಿಲ್ಲ ಎಂದೂ ಅಲ್ಲಿದೆ. ಹಿಂದೆ ತಾನು ಗೆದ್ದದ್ದನ್ನು ಅವನೇ ತೋರಿಸಬೇಕು. ಒಂದೋ ಆ ನ್ಯಾಯ ನಡೆದಾಗ ಕಣ್ಣಾರೆ ಕಂಡವರನ್ನು ಕರೆತರಬೇಕು, ಇಲ್ಲವೆ ಜಯಪತ್ರ ತೋರಿಸಬೇಕು. ಜಯಪತ್ರ ಎಂದರೆ ಗೆದ್ದವನಿಗೆ ಕೊಡುವ ಬರಹ, ಇಂದಿನ ಡಿಕ್ರಿ. ಆ ಪದ ಪುಸ್ತಕದಲ್ಲಿ ಮಾತ್ರ ಉಳಿದದ್ದಲ್ಲ. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ದೊರೆ ಬಿಜ್ಜಳ ಶಿವಶರಣ ಏಕಾಂತದ ರಾಮಯ್ಯನಿಗೆ ಜಯಪತ್ರ ಕೊಟ್ಟ ಸಂಗತಿಯಿದೆ. ನಮ್ಮ ನೇಕಾರರು ಜಗಲಿಯ ಮೇಲೆ ಇಟ್ಟು ಕುಂಕುಮ ಹಚ್ಚುತ್ತಿದ್ದದ್ದು ಅಂಥ ಜಯಪತ್ರಕ್ಕೇ.

1916ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ನಮ್ಮ ದೇಶದ ಒಂದು ಅಪೀಲು ಬಂತು. ತೀರ್ಪು ಬರೆದವರು ಸರ್ ಲಾರೆನ್ಸ್ ಜೆಂಕಿನ್ಸ್. ಅವರು 1899ರಿಂದ 1908ರವರೆಗೆ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದವರು. ಆಗ ನಮ್ಮ ಬಿಜಾಪುರ ಜಿಲ್ಲೆಯೂ ಆ ಹೈಕೋರ್ಟಿನ ಕೆಳಗೇ ಇತ್ತು. ಪೂರ್ವನ್ಯಾಯದ ಈ ನಿಯಮ ಹಿಂದೂ ಧರ್ಮಶಾಸ್ತ್ರಕಾರರ ಮನೋಧರ್ಮಕ್ಕೆ ಎಳ್ಳಷ್ಟೂ ವಿರುದ್ಧವಲ್ಲ ಎಂದು ಅವರು ಬರೆದರು. ಅದಕ್ಕೆ ಸಾಕ್ಷಿಯಾಗಿ ಹೆಸರು ಹಿಡಿದು ಕರೆದದ್ದು ವಿಜ್ಞಾನೇಶ್ವರನನ್ನು ಮತ್ತು ಇನ್ನೊಬ್ಬ ಧರ್ಮಶಾಸ್ತ್ರಕಾರ ನೀಲಕಂಠನನ್ನು. ಅದಕ್ಕೂ ಸುಮಾರು ಎಂಟು ನೂರು ವರ್ಷ ಹಿಂದೆ ಕಲ್ಯಾಣದಲ್ಲಿ ಕುಳಿತು ಬರೆದ ಮಾತು ಲಂಡನ್ನಿನ ತೀರ್ಪಿನಲ್ಲಿ ಕೂತಿರುವುದನ್ನು ಮೊದಲ ಸಲ ಓದಿದಾಗ ನನ್ನ ಕಣ್ಣು ತೇವವಾಯಿತು. ಕಾನೂನು ಪದವಿ ಓದುವ ನಮ್ಮ ಮಕ್ಕಳಿಗೆ ಮಾಸ್ತರರು ಇದನ್ನು ಮೊದಲ ಪಾಠದಲ್ಲೇ ಹೇಳಬೇಕು.

ನಮ್ಮ ಭಾಗಕ್ಕೆ ಸೇರಿದ ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. 1948ಕ್ಕೆ ಮುಂಚೆ ರಬಕವಿ, ತೇರದಾಳ ಸಾಂಗಲಿ ಸಂಸ್ಥಾನದಲ್ಲಿದ್ದವು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು. ಬೀಳಗಿ ಬ್ರಿಟಿಷರ ಬಿಜಾಪುರ ಜಿಲ್ಲೆಯಲ್ಲಿ. ಒಂದು ದಿನದಲ್ಲಿ ಸೈಕಲ್ ತುಳಿದು ಸುತ್ತಿ ಬರಬಹುದಾದ ಊರುಗಳಿಗೆ ನಾಲ್ಕು ಸರಕಾರ, ನಾಲ್ಕು ಬಗೆಯ ಕೋರ್ಟು. ಇಲ್ಲಿ ಸೋತವನು ಗಡಿ ದಾಟಿ ಬ್ರಿಟಿಷ್ ಕೋರ್ಟಿಗೆ ಹೋದರೆ? ಅಲ್ಲಿನ ಲೆಕ್ಕದಲ್ಲಿ ಸಂಸ್ಥಾನದ ಕೋರ್ಟು ವಿದೇಶಿ ಕೋರ್ಟು! ಆದರೂ ಅದೇ ಸಂಹಿತೆಯ 13ನೇ ಕಲಮು ಅವನನ್ನು ತಡೆಯುತ್ತಿತ್ತು. ವಿದೇಶಿ ತೀರ್ಪನ್ನೂ ಕೊನೆಯ ಮಾತೆಂದೇ ಒಪ್ಪಬೇಕು, ಆರು ದೋಷಗಳಲ್ಲಿ ಒಂದಾದರೂ ಇದ್ದರೆ ಮಾತ್ರ ಬೇಡ. ಆ ಕೋರ್ಟಿಗೆ ಅಧಿಕಾರವೇ ಇರಲಿಲ್ಲ, ಎದುರುಗಾರನ ಮಾತು ಕೇಳದೆ ಸಹಜ ನ್ಯಾಯ ತಪ್ಪಿಸಿ ಹೇಳಿದ್ದಾರೆ, ಮೋಸದಿಂದ ಪಡೆದದ್ದು, ಇಂಥವು. ಈಗ ದುಬೈನಲ್ಲಿಯೋ ಅಮೆರಿಕದಲ್ಲಿಯೋ ನೆಲೆಸಿದ ನಮ್ಮ ಮಕ್ಕಳು ಅಲ್ಲಿನ ತೀರ್ಪು ಹಿಡಿದು ಬಂದಾಗಲೂ ನೋಡುವುದು ಇದೇ ಕಲಮನ್ನು.

ಸೋಲಬಹುದಾದವರು ಮಾಡಬೇಕಾದ ಕೆಲಸ ಒಂದಿದೆ ಎಂದೆನಲ್ಲ, ಅದಕ್ಕೆ ಬರುತ್ತೇನೆ. ಮೊದಲ ದಾವೆಯಲ್ಲಿ ಎತ್ತಿದ ಮಾತು ಮಾತ್ರ ಮುಗಿಯಿತು, ಎತ್ತದೆ ಬಿಟ್ಟದ್ದು ಉಳಿದಿದೆ, ಅದಕ್ಕೆ ಇನ್ನೊಂದು ದಾವೆ ಹಾಕಿದರಾಯಿತು ಎಂದು ನಮ್ಮ ಕಡೆ ಒಂದು ತಿಳಿವಳಿಕೆ ಇದೆ. ಇದು ಮನೆ ಹಾಳು ಮಾಡುವ ತಿಳಿವಳಿಕೆ. 11ನೇ ಕಲಮಿನ ನಾಲ್ಕನೆಯ ವಿವರಣೆಯ ಪ್ರಕಾರ, ಎತ್ತಬಹುದಾಗಿದ್ದ, ಎತ್ತಬೇಕಾಗಿದ್ದ ಮಾತನ್ನು ಎತ್ತದೆ ಬಿಟ್ಟರೆ ಅದೂ ತೀರ್ಮಾನವಾದಂತೆಯೇ.

ಉತ್ತರ ಪ್ರದೇಶದ ಒಬ್ಬ ಪೊಲೀಸ್ ಸಬ್ ಇನ್ಸ್‌ಪೆಕ್ಟರನ ಕಥೆ ಕೇಳಿ. 1954ರಲ್ಲಿ ಡಿಐಜಿ ಅವನನ್ನು ಕೆಲಸದಿಂದ ವಜಾ ಮಾಡಿದರು. ತನ್ನ ಅಹವಾಲು ಹೇಳಿಕೊಳ್ಳಲು ಸರಿಯಾದ ಅವಕಾಶ ಕೊಡಲಿಲ್ಲ ಎಂದು ಅವನು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದ. 1959ರಲ್ಲಿ ಅದು ವಜಾ ಆಯಿತು. ಆಮೇಲೆ ಅವನಿಗೆ ಒಳ್ಳೆಯ ಅಂಶವೊಂದು ಹೊಳೆಯಿತು. ತನ್ನನ್ನು ನೇಮಿಸಿದವರು ಡಿಐಜಿಗಿಂತ ಮೇಲಿನ ಐಜಿ. ನೇಮಿಸಿದವರಿಗಿಂತ ಕೆಳಗಿನವರು ತೆಗೆದುಹಾಕುವಂತಿಲ್ಲ ಎಂದು ಸಂವಿಧಾನದ 311ನೇ ವಿಧಿಯೇ ಹೇಳುತ್ತದೆ. 1960ರ ಜನವರಿಯಲ್ಲಿ ಆ ಆಧಾರದ ಮೇಲೆ ಸಿವಿಲ್ ದಾವೆ ಹಾಕಿದ. ಹೈಕೋರ್ಟಿನವರೆಗೆ ಹೋಗಿ ಗೆದ್ದೂ ಗೆದ್ದ. 1977ರಲ್ಲಿ ಸುಪ್ರೀಂ ಕೋರ್ಟು ಅದನ್ನು ಅಳಿಸಿಹಾಕಿತು. ಆ ಅಂಶ ಮೊದಲ ಅರ್ಜಿ ಹಾಕುವಾಗಲೇ ಅವನಿಗೆ ಗೊತ್ತಿದ್ದದ್ದು, ಅಲ್ಲಿಯೇ ಎತ್ತಬೇಕಿತ್ತು, ಎತ್ತಲಿಲ್ಲ, ಮುಗಿಯಿತು. ಇಪ್ಪತ್ಮೂರು ವರ್ಷದ ಹೋರಾಟ ಮುಳುಗಿದ್ದು, ಮೊದಲ ಅರ್ಜಿಯಲ್ಲಿ ಎರಡು ಸಾಲು ಬರೆಯದೆ ಬಿಟ್ಟದ್ದಕ್ಕೆ.

ನೇಕಾರರಿಗೆ ಇದನ್ನು ವಿವರಿಸುವುದು ಸುಲಭ. ಹಾಸು ಹೂಡುವಾಗ ಒಂದು ಎಳೆ ಬಿಟ್ಟರೆ ಸೀರೆಯ ಉದ್ದಕ್ಕೂ ಆ ಗೆರೆ ಬೀಳುತ್ತದೆ. ಮಗ್ಗದ ಮೇಲಿರುವಾಗ ಅದನ್ನು ಕಂಡು ಎಳೆ ಕೂಡಿಸಬಹುದು. ಸೀರೆ ಕೊಯ್ದು ಇಳಿಸಿದ ಮೇಲೆ ಕೂಡಿಸಲು ಬರುವುದಿಲ್ಲ. ಹಾಗೆಯೇ ದಾವೆ ನಡೆಯುತ್ತಿರುವಾಗ ಬಿಟ್ಟುಹೋದದ್ದು ನೆನಪಾದರೆ ಅರ್ಜಿ ಕೊಟ್ಟು ತಿದ್ದುಪಡಿ ಕೇಳಬಹುದು.

ಬಾಕಿಯ ವಿಷಯವೂ ಹೀಗೆಯೇ. ಸಂಹಿತೆಯಲ್ಲಿಯೇ ಒಂದು ಉದಾಹರಣೆ ಇದೆ. ವರ್ಷಕ್ಕೆ 1200 ರೂಪಾಯಿ ಬಾಡಿಗೆಯ ಮನೆ, 1905, 1906, 1907 ಮೂರೂ ವರ್ಷದ ಬಾಕಿ. ಮಾಲಕ 1908ರಲ್ಲಿ 1906ರ ಬಾಡಿಗೆಗೆ ಮಾತ್ರ ದಾವೆ ಹಾಕಿದ. ಉಳಿದ ಎರಡು ವರ್ಷದ ಬಾಡಿಗೆಯನ್ನು ಅವನು ಮುಂದೆ ಎಂದೂ ದಾವೆ ಹಾಕಿ ಕೇಳುವಂತಿಲ್ಲ. ನಮ್ಮೂರಲ್ಲಿ ನೂಲಿನ ವ್ಯಾಪಾರದಲ್ಲಿ, ಕಬ್ಬಿನ ಬಿಲ್ಲಿನಲ್ಲಿ, ಮಗ್ಗದ ಶೆಡ್ಡಿನ ಬಾಡಿಗೆಯಲ್ಲಿ ಕೋರ್ಟ್ ಫೀ ಉಳಿಸಲು ಅರ್ಧ ಬಾಕಿಗೆ ಈಗ, ಅರ್ಧಕ್ಕೆ ಆಮೇಲೆ ಎನ್ನುವವರು ಇದನ್ನು ದಯವಿಟ್ಟು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ವಕೀಲರ ಮುಂದೆ ಕುಳಿತ ಮೊದಲ ದಿನವೇ ಎಲ್ಲವನ್ನೂ ಹೇಳಿ. ನಾಚಿಕೆಯ ಮಾತು, ನಿಮಗೆ ತೊಡಕಾಗುವ ಕಾಗದ, ಸಣ್ಣದೆನಿಸಿದ ಕರಾರು, ಎಲ್ಲ. ಎದುರುಗಾರ ಹಾಜರಿದ್ದು ನಿಮ್ಮ ಗೈರುಹಾಜರಿಯಿಂದ ದಾವೆ ವಜಾ ಆದರೆ 30 ದಿನದೊಳಗೆ ಅದನ್ನು ಮತ್ತೆ ಎತ್ತಿ ನಿಲ್ಲಿಸಲು ಅರ್ಜಿ ಕೊಡಿ. ಕೋರ್ಟಿನ ಅನುಮತಿ ಪಡೆಯದೆ ದಾವೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿ. ಎರಡರಲ್ಲೂ ಹೊಸ ದಾವೆಯ ಬಾಗಿಲು ಮುಚ್ಚುತ್ತದೆ.

ಅದೇ ಸೋಲನ್ನು ಬೇರೆ ಹೆಸರಿನಲ್ಲಿ ತಿರುಗಿ ತರುವುದು ಇನ್ನೂ ಕೆಟ್ಟದ್ದು. 1977ರಲ್ಲಿಯೇ ನಮ್ಮ ಬೆಂಗಳೂರಿನ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬಾಡಿಗೆದಾರನೊಬ್ಬ ಮನೆ ಬಿಡಬೇಕೆಂದು ಹೈಕೋರ್ಟಿನವರೆಗೆ ತೀರ್ಮಾನವಾಗಿತ್ತು. ಆಗ ಮಗ ಹೊಸ ದಾವೆ ಹಾಕಿದ, ಅದು ಸಾಗದಾಗ ಮತ್ತೊಂದು ಮುನ್ಸೀಫ ಕೋರ್ಟಿನಲ್ಲಿ ಇನ್ನೊಂದು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಬಹಳ ಕಟುವಾಗಿ ಬರೆದರು. ಜಾಣತನದ ಬರವಣಿಗೆಯಿಂದ ದಾವೆಗೆ ಕಾರಣ ಇದ್ದಂತೆ ಕಾಣಿಸಿದರೆ ಅದನ್ನು ಮೊಳಕೆಯಲ್ಲಿಯೇ ಚಿವುಟಿ ಹಾಕಬೇಕು ಎಂದು ಕೆಳಗಿನ ಕೋರ್ಟುಗಳಿಗೆ ಹೇಳಿದರು. ಇಂಥ ದಾವೆಗಳನ್ನು ವಕೀಲರೇ ಸೋಸಿ ತಡೆದರೆ ನ್ಯಾಯಕ್ಕೆ ದೊಡ್ಡ ಉಪಕಾರವಾದೀತು ಎಂಬ ಮಾತನ್ನೂ ಸೇರಿಸಿದರು. ಆ ಮಾತು ನಮ್ಮ ವೃತ್ತಿಯವರೆಲ್ಲರ ಮೇಜಿನ ಮೇಲೆ ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸೋತು ಬಂದವನ ದುಃಖ ನಿಜವಾದದ್ದು. ಅಪೀಲು ಇದ್ದರೆ ಅಪೀಲಿಗೆ ಕಳಿಸಬೇಕು, ಇಲ್ಲದಿದ್ದರೆ ಇಲ್ಲ ಎಂದು ಕೈ ಹಿಡಿದು ಹೇಳಬೇಕು. ಫೀ ತೆಗೆದುಕೊಂಡು ಇನ್ನೊಂದು ಹತ್ತು ವರ್ಷ ಅವನನ್ನು ತಾರೀಖಿನಿಂದ ತಾರೀಖಿಗೆ ಅಲೆಸುವುದು ಪಾಪ.

ಹಾಗೆಂದು ಎಲ್ಲ ಬಾಗಿಲೂ ಮುಚ್ಚಿದ್ದಲ್ಲ. ಮೋಸದಿಂದ ಪಡೆದ ಡಿಕ್ರಿ ಡಿಕ್ರಿಯೇ ಅಲ್ಲ. ತನ್ನ ಯಜಮಾನನಿಗೆ ಬರೆದುಕೊಟ್ಟ ಹಕ್ಕುಬಿಡುಗಡೆ ಪತ್ರವನ್ನು ಮುಚ್ಚಿಟ್ಟು ವಿಭಾಗದ ಡಿಕ್ರಿ ಪಡೆದವನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1993ರಲ್ಲಿ, ಅಂಥ ಡಿಕ್ರಿಯನ್ನು ಯಾವ ಕೋರ್ಟಿನಲ್ಲಿ ಬೇಕಾದರೂ ಪ್ರಶ್ನಿಸಬಹುದು ಎಂದಿತು. ಹೆಂಡತಿ ಮಕ್ಕಳ ಜೀವನಾಂಶ ಪರಿಸ್ಥಿತಿ ಬದಲಾದಂತೆ ಬದಲಾಗುತ್ತದೆ, ಮಗು ಯಾರ ಹತ್ತಿರ ಇರಬೇಕೆಂಬುದೂ ಹಾಗೆಯೇ.

ತೀರ್ಮಾನ ಗಟ್ಟಿಯಾಗಿಯೂ ಇರಬೇಕು, ಮುಂದಿನವರಿಗೆ ಉಸಿರಾಡಲು ಜಾಗವೂ ಇರಬೇಕು ಎಂಬುದಕ್ಕೆ ನಮ್ಮ ರಬಕವಿಯ ಬಡಗಣಕ್ಕೆ ಹರಿಯುವ ಕೃಷ್ಣೆಯೇ ಸಾಕ್ಷಿ. 1969ರಲ್ಲಿ ನೇಮಕವಾದ ಬಚಾವತ್ ನ್ಯಾಯಮಂಡಳಿ 1973ರಲ್ಲಿ ತೀರ್ಪು ಕೊಟ್ಟಿತು. ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ. 2000ದ ಮೇ 31ರ ನಂತರ ಬೇಕಾದರೆ ಮರುಪರಿಶೀಲಿಸಬಹುದು, ಆದರೆ ಈ ಹಂಚಿಕೆಯ ಒಳಗೆ ಯಾವುದೇ ರಾಜ್ಯ ಬಳಸುತ್ತಿರುವ ನೀರನ್ನು ಆದಷ್ಟು ಕದಲಿಸಬಾರದು ಎಂದು ಆ ತೀರ್ಪೇ ದಿನಾಂಕ ಹಾಕಿ ಬರೆದಿಟ್ಟಿತು. ಹಿಂದೆ ನ್ಯಾಯಮಂಡಳಿ ಇತ್ಯರ್ಥ ಮಾಡಿದ ವಿವಾದವನ್ನು ಮತ್ತೆ ತೆರೆಯುವಂತಿಲ್ಲ ಎಂದು 2002ರಲ್ಲಿ ಅಂತರರಾಜ್ಯ ಜಲವಿವಾದ ಕಾಯ್ದೆಗೆ ಸಂಸತ್ತು ಸೇರಿಸಿತು. 2004ರ ಎರಡನೆಯ ನ್ಯಾಯಮಂಡಳಿ ಹಳೆಯ ಹಂಚಿಕೆಗೆ ಕೈ ಹಚ್ಚದೆ ಅದರಾಚೆಗಿನ ನೀರನ್ನು ಹಂಚಲು ಹೊರಟಿತು. ಹೊಲ ಹಿಡಿದವರಿಗೆ ನೀರಿನ ಲೆಕ್ಕ ಒಂದು ಕಡೆ ನಿಲ್ಲದಿದ್ದರೆ ಕಾಲುವೆ ತೋಡುವುದಾದರೂ ಹೇಗೆ?

ಇನ್ನು ಗೆದ್ದವರ ಕೆಲಸ. ಬೆಳಗಾವಿಯ ಒಂದು ಆಸ್ತಿಯ ವ್ಯಾಜ್ಯ ಧಾರವಾಡದ ಹೈಕೋರ್ಟ್ ಪೀಠದಿಂದ ಸುಪ್ರೀಂ ಕೋರ್ಟಿಗೆ ಹೋಗಿ 2021ರ ಆಗಸ್ಟ್ 9ರಂದು ತೀರ್ಮಾನವಾಯಿತು. ಹಿಂದಿನ ದಾವೆಯಲ್ಲಿ ಇದು ಮುಗಿದಿದೆ, ಈ ಹೊಸ ದಾವೆಯ ಅರ್ಜಿಯನ್ನು ಬಾಗಿಲಲ್ಲೇ ತಿರಸ್ಕರಿಸಿ ಎಂದು ಒಂದು ಪಕ್ಷ ಕೇಳಿತ್ತು. ಹಾಗೆ ಬಾಗಿಲಲ್ಲೇ ಆಗದು ಎಂದಿತು ಸುಪ್ರೀಂ ಕೋರ್ಟು. ಪೂರ್ವನ್ಯಾಯ ಹೌದೋ ಅಲ್ಲವೋ ನೋಡಲು ಹಿಂದಿನ ದಾವೆಯ ಅರ್ಜಿ, ಕೈಫಿಯತ್ತು, ಕೋರ್ಟು ಎತ್ತಿಕೊಂಡ ವಾದಾಂಶಗಳು, ತೀರ್ಪು ಎಲ್ಲವನ್ನೂ ಮುಂದಿಟ್ಟುಕೊಂಡು ತಾಳೆ ನೋಡಬೇಕು. ಆದರೆ ಆ ಪ್ರಶ್ನೆಯನ್ನೇ ಮೊದಲ ವಾದಾಂಶವಾಗಿ ಎತ್ತಿಕೊಳ್ಳಬೇಕೋ ಎಂದು ವಿಚಾರಿಸಿ, ಎತ್ತಿಕೊಂಡರೆ ಮೂರು ತಿಂಗಳೊಳಗೆ ತೀರಿಸಿ ಎಂದು ಬೆಳಗಾವಿಯ ಕೋರ್ಟಿಗೆ ಹೇಳಿತು. ಜಯಪತ್ರ ತೋರಿಸು ಎಂಬ ವಿಜ್ಞಾನೇಶ್ವರನ ಮಾತು ಈಗ ಇಷ್ಟು ಬೆಳೆದಿದೆ. ಡಿಕ್ರಿಯೊಂದೇ ಸಾಲದು. ಡಿಕ್ರಿಯಲ್ಲಿ ಗೆದ್ದದ್ದು ಕಾಣುತ್ತದೆ, ಯಾವ ಮಾತಿನ ಮೇಲೆ ಗೆದ್ದದ್ದು ಎಂಬುದು ಕಾಣುವುದಿಲ್ಲ. ಆದ್ದರಿಂದ ಗೆದ್ದ ತಿಂಗಳಲ್ಲೇ ನಕಲು ಅರ್ಜಿ ಕೊಟ್ಟು ನಾಲ್ಕೂ ಕಾಗದ ತೆಗೆದುಕೊಳ್ಳಿ. ಕೋರ್ಟಿನ ದಫ್ತರದಲ್ಲಿ ಹಳೆಯ ಕಾಗದಗಳಿಗೆ ಆಯುಷ್ಯವಿದೆ. ಅವಧಿ ಮುಗಿದವನ್ನು ನಿಯಮದ ಪ್ರಕಾರ ನಾಶ ಮಾಡುತ್ತಾರೆ.

ನಮ್ಮ ಹಿರಿಯರ ಬಳಿ ಇದ್ದದ್ದು ಡಿಕ್ರಿ ಒಂದೇ. ಅದೃಷ್ಟಕ್ಕೆ ಅದರ ಮೇಲೆ ಹಳೆಯ ದಾವೆಯ ನಂಬರು ಅಳಿಯದೆ ಉಳಿದಿತ್ತು, ಕಡತವೂ ಉಳಿದಿತ್ತು. ಮುಂದೆ ಕೋರ್ಟು ಪೂರ್ವನ್ಯಾಯದ ಪ್ರಶ್ನೆಯನ್ನೇ ಮೊದಲು ಎತ್ತಿಕೊಂಡು ಆ ದಾವೆಯನ್ನು ವಜಾ ಮಾಡಿತು. ಆದರೆ ನಾನು ಮರೆಯದಿರುವುದು ನಕಲು ಕೈಗೆ ಬಂದ ದಿನ. ಹಳೆಯ ದಾವೆಯ ಅರ್ಜಿಯ ಹಾಳೆಗಳನ್ನು ನಾನು ಒಂದೊಂದಾಗಿ ತಿರುವುತ್ತಿದ್ದೆ. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡುತ್ತಿದ್ದರು. ಕೊನೆಯ ಹಾಳೆಯ ಕೆಳಗೆ ವಾದಿಯ ಸಹಿ. ಅವರು ನನ್ನ ಕೈ ತಡೆದರು.

“ಇದು ನಮ್ಮ ಅಣ್ಣನ ಸಹಿರಿ. ಪ ಬರಿವಾಗ ಹಿಂಗ ಕೊಂಡಿ ಎಳೀತಿದ್ದ ಅಂವ.”

ಬೆರಳಿನಿಂದ ಆ ಕೊಂಡಿಯ ಮೇಲೆ ಎರಡು ಸಲ ಎಳೆದರು. ಬಹಳ ಹೊತ್ತು ಸುಮ್ಮನಿದ್ದರು. “ಕಾಕಾ, ನೀರು ತರಿಸ್ಲೇನ್ರಿ?” ಎಂದೆ. ಬೇಡ ಎಂದು ತಲೆ ಅಲ್ಲಾಡಿಸಿದರು.

“ಈ ಹಾಳಿದೊಂದ ಜೆರಾಕ್ಸ್ ಮಾಡಿಸಿ ಕೊಡ್ರಿ ಸಾಹೇಬ್ರ. ಹುಡುಗ್ಗ ಕೊಡ್ತೇನಿ. ಅವರಪ್ಪನ ಸಹಿ ಅಂವಾನೂ ನೋಡ್ಲಿ.”

ಜೆರಾಕ್ಸ್ ಮಾಡಿಸಿ ಕೊಟ್ಟೆ. ಅದನ್ನು ಡಿಕ್ರಿಯ ಜೊತೆಗೆ ಸೇರಿಸಲಿಲ್ಲ. ಬೇರೆಯಾಗಿ ಮಡಿಸಿ ಅಂಗಿಯ ಎದೆಕಿಸೆಯಲ್ಲಿ ಇಟ್ಟುಕೊಂಡು ಮೆಟ್ಟಿಲು ಇಳಿದರು.